ದೂರ ಕಡಿಮೆಯಾಯಿತು, ಹೊಗೆ ಕಡಿಮೆಯಾಯಿತೇ?

ಮೊನ್ನೆ ಏಳನೇ ತರಗತಿಯಲ್ಲಿ ಹವಾಮಾನ ಬದಲಾವಣೆಯ ಬಗ್ಗೆ ಮಾತಾಡುತ್ತಿದ್ದೆ. ಕಾರು, ಲಾರಿ, ಕಾರ್ಖಾನೆ ಎಲ್ಲ ಮುಗಿಸಿ ಮೊಬೈಲು, ಇಂಟರ್‌ನೆಟ್ಟುಗಳಿಂದಲೂ ಕಾರ್ಬನ್ ಗಾಳಿಗೆ ಸೇರುತ್ತದೆ ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸಾರ್, ಮೊಬೈಲಿಗೆ ಸೈಲೆನ್ಸರೇ ಇಲ್ಲವಲ್ಲ, ಹೊಗೆ ಎಲ್ಲಿಂದ ಬರುತ್ತದೆ?" ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಗಂಟೆ ಬಾರಿಸಿದ ಮೇಲೆ ಯೋಚಿಸಿದೆ, ಪ್ರಶ್ನೆ ಬಹಳ ಒಳ್ಳೆಯದು. ಅದಕ್ಕೆ ನಮ್ಮ ಊರಿನ ಚರಿತ್ರೆಯಿಂದಲೇ ಉತ್ತರ ಹೇಳಬಹುದಲ್ಲ ಅನ್ನಿಸಿತು. ಆ ಯೋಚನೆಯೇ ಈ ಬರಹ.

ನಮ್ಮ ಕಾಸರಗೋಡಿನ ಚರಿತ್ರೆಯನ್ನು ಭಾಷೆಯ ಚರಿತ್ರೆಯಾಗಿ ನಾವು ಎಷ್ಟೋ ಸಲ ಓದಿದ್ದೇವೆ, ಬರೆದಿದ್ದೇವೆ. ಅದನ್ನೇ 'ದೂರ'ದ ಚರಿತ್ರೆಯಾಗಿಯೂ ಓದಬಹುದು. ಒಂದು ಕಾಗದಕ್ಕೆ ಸಹಿ ಬೀಳಬೇಕಾದರೆ ನಮ್ಮವರು ಎಷ್ಟು ದೂರ ಹೋಗಬೇಕಿತ್ತು? ಯಾವುದರಲ್ಲಿ ಹೋಗುತ್ತಿದ್ದರು? ಆ ದಾರಿಯಲ್ಲಿ ಏನು ಉರಿಯುತ್ತಿತ್ತು? ಈ ಮೂರು ಪ್ರಶ್ನೆ ಹಿಡಿದು ಹೊರಟರೆ ಡಿಜಿಟಲ್ ಯುಗದ ಲೆಕ್ಕವೂ ಸ್ವಲ್ಪ ಸ್ಪಷ್ಟವಾಗುತ್ತದೆ.

ಕಚೇರಿಗಳು ನಡೆದ ದಾರಿ

ಬ್ರಿಟಿಷರ ಕಾಲದಲ್ಲಿ ಕಾಸರಗೋಡು ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಕಲೆಕ್ಟರ ಕಚೇರಿ ಮಂಗಳೂರಿನಲ್ಲಿ, ಅಂದರೆ ಸುಮಾರು 50 ಕಿಲೋಮೀಟರು. ಮೊದಲು ದೋಣಿ, ಎತ್ತಿನ ಗಾಡಿ, ಕಾಲುನಡಿಗೆ. 1907ರಲ್ಲಿ ರೈಲು ಮಂಗಳೂರಿನ ತನಕ ಬಂತು. ಕಲ್ಲಿದ್ದಲು ಉರಿಸಿ ಓಡುವ ಬಂಡಿ. ನಮ್ಮ ಕರಾವಳಿಯಲ್ಲಿ 'ದೂರ ಕಡಿಮೆಯಾಯಿತು, ಹೊಗೆ ಜಾಸ್ತಿಯಾಯಿತು' ಎಂದು ಮೊದಲು ಹೇಳಬಹುದಾದದ್ದು ಆಗಲೇ.

1956 ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಅದರ ನೋವು, ಹೋರಾಟ, 1967ರ ಮಹಾಜನ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗದ ಬಗ್ಗೆ ಬಂದ ಶಿಫಾರಸು, ಇವೆಲ್ಲ ಓದುಗರಿಗೆ ಗೊತ್ತಿರುವುದೇ. ನಾನು ಇಲ್ಲಿ ಹೇಳಹೊರಟಿರುವುದು ಕಿಲೋಮೀಟರಿನ ಮಾತು. 1957ರಲ್ಲಿ ಕಣ್ಣೂರು ಜಿಲ್ಲೆ ಆದಾಗ ನಮ್ಮ ಜಿಲ್ಲಾ ಕಚೇರಿ ಕಣ್ಣೂರಿಗೆ ಹೋಯಿತು. ರಾಜಧಾನಿ ತಿರುವನಂತಪುರವಂತೂ 550 ಕಿಲೋಮೀಟರಿಗೂ ದೂರ. ಪೆರ್ಲದವನೋ ವರ್ಕಾಡಿಯವನೋ ಒಂದು ಕಡತದ ಹಿಂದೆ ಹೊರಟರೆ ಹೋಗಿ ಬರುವುದಕ್ಕೆ ಮೂರು ದಿನ. 1984 ಮೇ 24ರಂದು ಕಾಸರಗೋಡು ಜಿಲ್ಲೆ ಆಯಿತು, ಕಣ್ಣೂರಿನ ಓಡಾಟ ನಿಂತಿತು. 2014ರಲ್ಲಿ ಮಂಜೇಶ್ವರ ತಾಲೂಕು ಆಯಿತು, ಉಪ್ಪಳದಲ್ಲಿ ತಾಲೂಕು ಕಚೇರಿ ಬಂತು. ಬಾಯಾರು, ಮೀಂಜದ ಕಡೆಯವರಿಗೆ ಕಾಸರಗೋಡು ಪೇಟೆಯ ತನಕ ಹೋಗುವ ಕೆಲಸ ಕಡಿಮೆಯಾಯಿತು.

ಇದನ್ನು ಯಾಕೆ ಹೇಳಿದೆನೆಂದರೆ, ದೂರ ಕಡಿಮೆ ಮಾಡುವುದಕ್ಕೆ ಕಂಪ್ಯೂಟರೇ ಬೇಕೆಂದಿಲ್ಲ. ಕಚೇರಿಯನ್ನು ಜನರ ಹತ್ತಿರ ತಂದರೂ ಸಾಕು. ಅಡಿಕೆ ಬೆಳೆಗಾರರಿಗೆ ಇದು ಚೆನ್ನಾಗಿ ಗೊತ್ತು. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕ್ಯಾಂಪ್ಕೊ ಹುಟ್ಟಿ, ಕರ್ನಾಟಕ ಕೇರಳ ಎರಡೂ ಕಡೆ ಖರೀದಿ ಕೇಂದ್ರಗಳನ್ನು ತೆರೆದಾಗ ಅಡಿಕೆ ಗೋಣಿ ಹೊತ್ತ ಗಾಡಿಗಳ ದಾರಿಯೂ ಮೋಟಾಯಿತು. ಆಗ ಯಾರೂ ಅದನ್ನು ಕಾರ್ಬನ್ ಉಳಿತಾಯ ಎಂದು ಕರೆಯಲಿಲ್ಲ, ಅಷ್ಟೆ.

ತಂತಿಯಿಂದ ಪರದೆಗೆ

ಮನುಷ್ಯ ಹೋಗದೆ ಸುದ್ದಿ ಮಾತ್ರ ಹೋಗುವಂತೆ ಮಾಡಿದ ಮೊದಲ ಸಾಧನ ಟೆಲಿಗ್ರಾಂ. ನಮ್ಮ ದೇಶದಲ್ಲಿ ಅದು 2013ರ ಜುಲೈಯಲ್ಲಿ ನಿಂತಿತು. ನಾನು ಟಿ.ಸಿ.ಎಚ್. ಓದಲು ಊರು ಬಿಟ್ಟು ಹೋದಾಗ ಮನೆಗೆ ಇನ್‌ಲ್ಯಾಂಡ್ ಪತ್ರ ಬರೆಯುತ್ತಿದ್ದೆ. ತುರ್ತು ಇದ್ದರೆ ಎಸ್.ಟಿ.ಡಿ. ಬೂತಿನ ಮುಂದೆ ರಾತ್ರಿ ದರ ಕಡಿಮೆಯಾಗುವ ತನಕ ಕಾಯುವುದು. ಗಲ್ಫಿನಲ್ಲಿ ದುಡಿಯುವವರ ಮನೆಗಳಲ್ಲಿ ಡ್ರಾಫ್ಟು ಬಂದರೆ ಅದನ್ನು ಹಿಡಿದು ಬ್ಯಾಂಕಿಗೆ ಒಂದು ದಿನದ ಯಾತ್ರೆ.

ಆಮೇಲೆ ಬದಲಾವಣೆ ಬೇಗ ಬೇಗ ಬಂತು. 2000ದಲ್ಲಿ ಕೇರಳ ಸರಕಾರ ತಿರುವನಂತಪುರದಲ್ಲಿ 'ಫ್ರೆಂಡ್ಸ್' ಜನಸೇವಾ ಕೇಂದ್ರ ತೆರೆಯಿತು. ವಿದ್ಯುತ್, ನೀರು, ತೆರಿಗೆ ಎಲ್ಲ ಒಂದೇ ಕೌಂಟರಿನಲ್ಲಿ. 2002ರಲ್ಲಿ ಮಲಪ್ಪುರಂನಲ್ಲಿ ಅಕ್ಷಯ ಯೋಜನೆ ಆರಂಭವಾಗಿ ಮುಂದೆ ನಮ್ಮ ಜಿಲ್ಲೆಗೂ ಬಂತು. 2010ರ ನಂತರ ಇ-ಡಿಸ್ಟ್ರಿಕ್ಟ್ ಬಂದು ಆದಾಯ, ಜಾತಿ ಪ್ರಮಾಣಪತ್ರಗಳಿಗೆ ಗ್ರಾಮ ಕಚೇರಿಯ ಮುಂದೆ ಕಾಯುವುದು ಕಡಿಮೆಯಾಯಿತು. 2016ರಲ್ಲಿ ಯು.ಪಿ.ಐ. ಬಂತು, ಅದೇ ವರ್ಷ ನವೆಂಬರಿನಲ್ಲಿ ನೋಟು ರದ್ದತಿ. ಈಗ ಮೀನು ಮಾರುವ ಅಕ್ಕನ ಬುಟ್ಟಿಯ ಪಕ್ಕದಲ್ಲೂ ಕ್ಯೂ.ಆರ್. ಚೀಟಿ ಇದೆ. 2023ರ ಜೂನಿನಲ್ಲಿ ಕೆ-ಫೋನ್, 2024ರಲ್ಲಿ ನಗರಗಳಿಗೆ ಕೆ-ಸ್ಮಾರ್ಟ್, 2025ರಲ್ಲಿ ಅದೇ ಪಂಚಾಯತುಗಳಿಗೆ. 2025ರ ಆಗಸ್ಟಿನಲ್ಲಿ ಕೇರಳವನ್ನು ಸಂಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯವೆಂದು ಘೋಷಿಸಿದರು.

ಶಾಲೆಯಲ್ಲೂ ಹಾಗೆಯೇ. 2001ರಲ್ಲಿ ಐಟಿ@ಸ್ಕೂಲ್, 2005ರಲ್ಲಿ ವಿಕ್ಟರ್ಸ್ ಚಾನೆಲ್, 2018ರಲ್ಲಿ 45,000 ಹೈಟೆಕ್ ತರಗತಿಗಳ ಯೋಜನೆ. 2020ರ ಜೂನ್ 1ರಂದು ಫಸ್ಟ್ ಬೆಲ್ ಪಾಠ ಶುರುವಾದಾಗ ಕನ್ನಡ ಮಾಧ್ಯಮದ ಪಾಠಗಳೂ ಯೂಟ್ಯೂಬಿನಲ್ಲಿ, ಸ್ಥಳೀಯ ಕೇಬಲ್ಲಿನಲ್ಲಿ ಬಂದವು. ಆ ವರ್ಷ ನಮ್ಮ ಮಕ್ಕಳು ಒಂದು ಕಿಲೋಮೀಟರೂ ನಡೆಯದೆ ಶಾಲೆ ಕಲಿತರು. ಅದರಲ್ಲಿ ಏನು ಕಳಕೊಂಡರು ಎಂಬುದು ಬೇರೆಯೇ ಕಥೆ.

ಒಂದು ಸಣ್ಣ ಲೆಕ್ಕ

ಈಗ ಹುಡುಗನ ಪ್ರಶ್ನೆಗೆ ಬರೋಣ. ಕರಿಹಲಗೆಯ ಮೇಲೆ ಮಾಡಿದ ಲೆಕ್ಕವನ್ನೇ ಇಲ್ಲಿ ಕೊಡುತ್ತೇನೆ.

ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. ಡೀಸೆಲಾದರೆ ಸುಮಾರು 2.7 ಕಿಲೋ. ಒಬ್ಬರು ಒಂದು ಅರ್ಜಿ ಕೊಡುವುದಕ್ಕೆ ಬೈಕಿನಲ್ಲಿ 18 ಕಿಲೋಮೀಟರು ಹೋಗಿ ಅಷ್ಟೇ ದೂರ ಹಿಂದೆ ಬಂದರು ಎಂದಿಟ್ಟುಕೊಳ್ಳಿ. ಲೀಟರಿಗೆ 45 ಕಿಲೋಮೀಟರಿನಂತೆ 0.8 ಲೀಟರ್, ಅಂದರೆ 1.84 ಕಿಲೋ. ಅದೇ ಅರ್ಜಿಯನ್ನು ಮೊಬೈಲಿನಲ್ಲಿ ಕಳುಹಿಸಿದರೆ? ಮೊಬೈಲು ಒಮ್ಮೆ ಪೂರ್ತಿ ಚಾರ್ಜಾಗಲು ಒಂದು ಯೂನಿಟ್ ವಿದ್ಯುತ್ತಿನ ನಲವತ್ತನೆಯ ಒಂದು ಪಾಲು ಸಾಕು. ನಮ್ಮ ದೇಶದಲ್ಲಿ ಒಂದು ಯೂನಿಟ್ ವಿದ್ಯುತ್ ಉತ್ಪಾದನೆಗೆ ಸರಾಸರಿ 0.7 ಕಿಲೋ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ. ಆ ಲೆಕ್ಕದಲ್ಲಿ ಒಂದು ಚಾರ್ಜಿಗೆ ಹದಿನೇಳು ಹದಿನೆಂಟು ಗ್ರಾಂ. ಒಂದು ಬೈಕು ಪ್ರಯಾಣ ಉಳಿದರೆ ನೂರು ಸಲ ಮೊಬೈಲ್ ಚಾರ್ಜು ಮಾಡಿದಷ್ಟು ಉಳಿಯಿತು.

ಮಕ್ಕಳಿಗೆ ಖುಷಿಯಾಯಿತು. ಹಾಗಾದರೆ ಮೊಬೈಲು ಗೆದ್ದಿತು! ನಾನು ಹೇಳಿದೆ, ಸ್ವಲ್ಪ ತಡೆಯಿರಿ, ಲೆಕ್ಕ ಇನ್ನೂ ಮುಗಿದಿಲ್ಲ.

ಮೊದಲನೆಯದು, ಮೊಬೈಲು ಚಾರ್ಜು ಮಾಡುವಾಗಿಗಿಂತ ಅದನ್ನು ತಯಾರಿಸುವಾಗಲೇ ಹೆಚ್ಚು ಕಾರ್ಬನ್ ಹೊರಬರುತ್ತದೆ. ಒಂದು ಸ್ಮಾರ್ಟ್ ಫೋನು ತಯಾರಾಗಿ ಕೈಗೆ ಬರುವಷ್ಟರಲ್ಲಿ ಅಂದಾಜು 50ರಿಂದ 80 ಕಿಲೋ. 60 ಎಂದು ಹಿಡಿದರೂ ಮೇಲೆ ಹೇಳಿದ ಬೈಕು ಪ್ರಯಾಣದ ಮೂವತ್ತಮೂರು ಪಟ್ಟು. ಎರಡು ವರ್ಷಕ್ಕೊಮ್ಮೆ ಫೋನು ಬದಲಾಯಿಸುವವರು ಉಳಿಸಿದ್ದನ್ನು ಅಂಗಡಿಯಲ್ಲೇ ಕೊಟ್ಟುಬಿಟ್ಟ ಹಾಗೆ.

ಎರಡನೆಯದು ಬಸ್ಸಿನ ಮಾತು. ಅರ್ಜಿದಾರರು ಬೈಕಿನ ಬದಲು ಬಸ್ಸಿನಲ್ಲಿ ಹೋಗುತ್ತಿದ್ದರೆ ಅವರೊಬ್ಬರು ಹೋಗದಿದ್ದರೂ ಬಸ್ಸು ಹೋಗಿಯೇ ಹೋಗುತ್ತದೆ. ಉಳಿದದ್ದು ಟಿಕೇಟಿನ ದುಡ್ಡು ಮಾತ್ರ. ಜನ ಕಡಿಮೆಯಾದ ಹಾಗೆ ಟ್ರಿಪ್ಪು ಕಡಿಮೆ, ಟ್ರಿಪ್ಪು ಕಡಿಮೆಯಾದ ಹಾಗೆ ಉಳಿದವರಿಗೂ ಸ್ಕೂಟರ್ ಬೇಕು. ಕೇರಳದಲ್ಲಿ ಖಾಸಗಿ ಬಸ್ಸುಗಳು ಕಳೆದ ಎರಡು ದಶಕಗಳಲ್ಲಿ ಬಹಳ ಇಳಿದಿವೆ, ನೋಂದಣಿಯಾದ ವಾಹನಗಳು ಒಂದೂವರೆ ಕೋಟಿ ದಾಟಿವೆ. ಇದಕ್ಕೆ ಡಿಜಿಟಲ್ ವ್ಯವಸ್ಥೆ ಒಂದೇ ಕಾರಣ ಎಂದು ಹೇಳಿದರೆ ಅನ್ಯಾಯವಾದೀತು. ಆದರೆ ಡಿಜಿಟಲ್ ಆದ ಕೂಡಲೇ ರಸ್ತೆ ಖಾಲಿಯಾಗುತ್ತದೆ ಎಂಬ ಮಾತು ನಮ್ಮ ಕಣ್ಣೆದುರೇ ಸುಳ್ಳಾಗಿದೆ.

ಮೂರನೆಯದು, ಉಳಿದ ಸಮಯ ಮತ್ತು ದುಡ್ಡಿನಿಂದ ನಾವು ಏನು ಮಾಡುತ್ತೇವೆ? ಹಿಂದೆ ಹಬ್ಬಕ್ಕೊಮ್ಮೆ ಮಂಗಳೂರಿಗೆ ಹೋಗಿ ಬಟ್ಟೆ ತರುತ್ತಿದ್ದ ಮನೆಗೆ ಈಗ ವಾರಕ್ಕೆ ಎರಡು ಪಾರ್ಸೆಲ್. ಒಂದೇ ವ್ಯಾನು ಐವತ್ತು ಮನೆಯದನ್ನು ಒಟ್ಟಿಗೆ ತಂದರೆ ಐವತ್ತು ಮಂದಿ ಪೇಟೆಗೆ ಹೋಗುವುದಕ್ಕಿಂತ ಒಳ್ಳೆಯದೇ. ಆದರೆ ಬಣ್ಣ ಸರಿಯಾಗಲಿಲ್ಲವೆಂದು ಹಿಂದೆ ಕಳುಹಿಸಿದರೆ, ನಾಳೆಯೇ ಬೇಕೆಂದು ಹಟ ಹಿಡಿದರೆ ಲೆಕ್ಕ ತಿರುಗುತ್ತದೆ. ಯಕ್ಷಗಾನದ ನೇರ ಪ್ರಸಾರವನ್ನೇ ನೋಡಿ. ಬಯಲಿಗೆ ಬರುವವರು ಬಂದೇ ಬರುತ್ತಾರೆ. ಪರದೆಯಲ್ಲಿ ನೋಡುವವರು ಹೆಚ್ಚಾಗಿ ದುಬೈಯಲ್ಲೋ ಮುಂಬಯಿಯಲ್ಲೋ ಇರುವವರು, ಮೊದಲೂ ಆಟಕ್ಕೆ ಬರುತ್ತಿರಲಿಲ್ಲ. ಅವರಿಗೆ ಊರಿನ ಚೆಂಡೆ ಕೇಳಿದ್ದು ನನಗೆ ಸಂತೋಷವೇ. ಆದರೆ ಇಲ್ಲಿ ಪ್ರಯಾಣ ಉಳಿಯಲಿಲ್ಲ, ವಿದ್ಯುತ್ ಹೆಚ್ಚಾಯಿತು.

ಇದು ಹೊಸ ವಿಷಯವಲ್ಲ. 1865ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟಾನ್ಲಿ ಜೆವನ್ಸ್ ಕಲ್ಲಿದ್ದಲಿನ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನೇ ತೋರಿಸಿದ್ದ. ಉಗಿ ಯಂತ್ರ ಸುಧಾರಿಸಿ ಕಡಿಮೆ ಕಲ್ಲಿದ್ದಲಿನಲ್ಲಿ ಹೆಚ್ಚು ಕೆಲಸ ಮಾಡತೊಡಗಿದಾಗ ದೇಶದ ಒಟ್ಟು ಕಲ್ಲಿದ್ದಲು ಖರ್ಚು ಇಳಿಯಲಿಲ್ಲ, ಏರಿತು. ಅಗ್ಗವಾದದ್ದನ್ನು ಜನ ಹೆಚ್ಚು ಬಳಸುತ್ತಾರೆ. 2016ರಲ್ಲಿ ಜಿಯೊ ಬಂದ ಮೇಲೆ ನಮ್ಮ ದೇಶದ ಡೇಟಾ ಬಳಕೆಯೂ ಹಾಗೆಯೇ. ಈಗ ಒಬ್ಬ ಬಳಕೆದಾರ ತಿಂಗಳಿಗೆ ಸರಾಸರಿ 20 ಜಿ.ಬಿ.ಗೂ ಹೆಚ್ಚು ಖರ್ಚು ಮಾಡುತ್ತಾನೆ.

ದೀಪ ನಮ್ಮಲ್ಲಿ, ಹೊಗೆ ನೆರೆಮನೆಯಲ್ಲಿ

ಹಾಗಾದರೆ ಮೊಬೈಲಿನ ಹೊಗೆ ಎಲ್ಲಿ? ಆ ಹುಡುಗನಿಗೆ ನಾನು ಕೊಟ್ಟ ಉತ್ತರ, "ಅದರ ಸೈಲೆನ್ಸರ್ ದೂರದ ಊರಿನಲ್ಲಿದೆ ಮಗಾ."

ಕೇರಳ ಬಳಸುವ ವಿದ್ಯುತ್ತಿನಲ್ಲಿ ಸುಮಾರು 70 ಶೇಕಡ ಹೊರಗಿನಿಂದ ಬರುತ್ತದೆ, ಅದರಲ್ಲಿ ಹೆಚ್ಚಿನದು ಕಲ್ಲಿದ್ದಲಿನದು. ನಮ್ಮಲ್ಲಿ ಇಡುಕ್ಕಿಯಂಥ ಜಲವಿದ್ಯುತ್ ಇದೆ, ಸಾಲದು. ಜಿಲ್ಲೆಯ ದಕ್ಷಿಣದಲ್ಲಿ ಚೀಮೇನಿಯಲ್ಲಿ ಒಂದು ಕಾಲದಲ್ಲಿ ಕಲ್ಲಿದ್ದಲು ಸ್ಥಾವರದ ಪ್ರಸ್ತಾಪ ಬಂದಾಗ ಜನ ವಿರೋಧಿಸಿದರು, ಸ್ಥಾವರ ಬರಲಿಲ್ಲ. ಅತ್ತ ಉಡುಪಿಯ ಎಲ್ಲೂರಿನಲ್ಲಿ ಜನ ವಿರೋಧಿಸಿದರೂ 1,200 ಮೆಗಾವ್ಯಾಟ್ ಸ್ಥಾವರ ಬಂತು. ಆ ಕಡೆಯಿಂದ ನಮ್ಮ ಜಿಲ್ಲೆಯ ಕರಿಂದಳಕ್ಕೆ 400 ಕೆ.ವಿ. ತಂತಿ ಎಳೆಯುವ ಯೋಜನೆಗೆ ಉಡುಪಿ, ದಕ್ಷಿಣ ಕನ್ನಡದ ಕೃಷಿಕರು ತೋಟ ಹೋಗುತ್ತದೆಂದು ಪ್ರತಿಭಟಿಸಿದ್ದಾರೆ. ನಮ್ಮ ಮನೆಯ ವೈಫೈ ದೀಪ ಮಿನುಗುವಾಗ ಅದರ ಬೂದಿ ಯಾರ ಅಂಗಳದಲ್ಲಿ ಬೀಳುತ್ತದೆ, ತಂತಿ ಯಾರ ಕಂಗಿನ ತೋಟದ ಮೇಲೆ ಹಾದುಹೋಗುತ್ತದೆ ಎಂದು ಯೋಚಿಸಬೇಕು.

ನಾವು ನೋಡುವ ವಿಡಿಯೋ ಇರುವ ಡೇಟಾ ಸೆಂಟರು ನಮ್ಮ ಜಿಲ್ಲೆಯಲ್ಲಿಲ್ಲ. ಪ್ರಪಂಚದ ಡೇಟಾ ಸೆಂಟರುಗಳು 2024ರಲ್ಲಿ ಸುಮಾರು 41,500 ಕೋಟಿ ಯೂನಿಟ್ ವಿದ್ಯುತ್ ಬಳಸಿದವು, ಜಗತ್ತಿನ ಒಟ್ಟು ಬಳಕೆಯ ಒಂದೂವರೆ ಶೇಕಡ. 2030ಕ್ಕೆ ಇದು ಇಮ್ಮಡಿಗಿಂತ ಹೆಚ್ಚಾಗಬಹುದು ಎಂದು ಅಂತಾರಾಷ್ಟ್ರೀಯ ಇಂಧನ ಸಂಸ್ಥೆ 2025ರಲ್ಲಿ ಅಂದಾಜು ಮಾಡಿದೆ, ಕೃತಕ ಬುದ್ಧಿಮತ್ತೆ ಅದಕ್ಕೆ ಮುಖ್ಯ ಕಾರಣ. ಹಾಗಾಗಿ 'ಕಾಸರಗೋಡಿನ ಕಾರ್ಬನ್ ಎಷ್ಟು' ಎಂದು ಜಿಲ್ಲೆಯ ಗಡಿಯೊಳಗೆ ಮಾತ್ರ ಅಳೆದರೆ ನಾವು ಬಹಳ ಶುದ್ಧರಾಗಿ ಕಾಣುತ್ತೇವೆ. ಗಡಿಯ ನೋವು ಗೊತ್ತಿರುವ ನಾವೇ ಗಡಿಯ ಮರೆಯಲ್ಲಿ ನಿಂತು ಲೆಕ್ಕ ತಪ್ಪಿಸಬಾರದು.

ಮೈಲಾಟಿ ಹೇಳುವ ಕಥೆ

ನಿರಾಶೆಯ ಮಾತು ಮಾತ್ರ ಆಡಿದರೆ ಮೇಷ್ಟರ ಕೆಲಸ ಅರ್ಧವೇ. ನಮ್ಮ ಜಿಲ್ಲೆಯಲ್ಲೇ ಇನ್ನೊಂದು ಚರಿತ್ರೆಯೂ ಇದೆ.

ಈ ಶತಮಾನದ ಆರಂಭದಲ್ಲಿ ಮೈಲಾಟಿಯಲ್ಲಿ ಎಣ್ಣೆ ಉರಿಸಿ ವಿದ್ಯುತ್ ಮಾಡುವ ಸುಮಾರು 20 ಮೆಗಾವ್ಯಾಟಿನ ಖಾಸಗಿ ಸ್ಥಾವರ ಬಂತು. ವಿದ್ಯುತ್ ದುಬಾರಿ, ಹೊಗೆ ಬೇರೆ. ಆ ಕಾಲದಲ್ಲಿ ಗುಡ್ಡದ ಮೇಲಿನ ಮೊಬೈಲ್ ಟವರುಗಳೂ ಕರೆಂಟು ಹೋದಾಗ ಡೀಸೆಲ್ ಜನರೇಟರಿನಲ್ಲೇ ಓಡುತ್ತಿದ್ದವು. 2012ರಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ಹಳ್ಳಿಗಳ ಅರ್ಧದಷ್ಟು ಟವರುಗಳಿಗೆ ಸೌರಶಕ್ತಿಯಂಥ ಮೂಲವನ್ನೂ ಜೋಡಿಸಬೇಕೆಂದು ಸೂಚಿಸಿತು. 2017ರಲ್ಲಿ ಅಂಬಲತ್ತರದಲ್ಲಿ 50 ಮೆಗಾವ್ಯಾಟಿನ ಸೌರ ಪಾರ್ಕು. 2020ರ ಡಿಸೆಂಬರಿನಲ್ಲಿ ನಮ್ಮ ಪೈವಳಿಕೆಯಲ್ಲಿ ಇನ್ನೊಂದು 50 ಮೆಗಾವ್ಯಾಟ್. ಒಂದು ಕಿಲೋವ್ಯಾಟ್ ಫಲಕ ದಿನಕ್ಕೆ 4 ಯೂನಿಟ್ ಕೊಡುತ್ತದೆ ಎಂದು ಹಿಡಿದರೆ ಪೈವಳಿಕೆಯದ್ದು ವರ್ಷಕ್ಕೆ ಸುಮಾರು 7.3 ಕೋಟಿ ಯೂನಿಟ್. ಅಷ್ಟೇ ವಿದ್ಯುತ್ತು ದೇಶದ ಸರಾಸರಿಯಲ್ಲಿ ಬಂದಿದ್ದರೆ 51,000 ಟನ್ ಇಂಗಾಲದ ಡೈ ಆಕ್ಸೈಡ್. ಬೋಳು ಗುಡ್ಡದ ಮೇಲಿನ ಆ ನೀಲಿ ಫಲಕಗಳನ್ನು ನೋಡಿದಾಗ ಮಕ್ಕಳಿಗೆ ಈ ಲೆಕ್ಕ ಹೇಳಿ.

ಒಂದು ತೊಡಕಿದೆ. ಸೂರ್ಯ ಹಗಲು, ನಮ್ಮ ಪರದೆಗಳು ರಾತ್ರಿ. 2024ರ ಮೇ ತಿಂಗಳ ಸೆಕೆಯಲ್ಲಿ ಕೇರಳದ ರಾತ್ರಿ ಬೇಡಿಕೆ 5,700 ಮೆಗಾವ್ಯಾಟ್ ದಾಟಿತು. ಅದಕ್ಕೇ ಈಗ ಹಗಲಿನ ವಿದ್ಯುತ್ತನ್ನು ಕೂಡಿಟ್ಟು ರಾತ್ರಿಗೆ ಕೊಡುವ 125 ಮೆಗಾವ್ಯಾಟಿನ ಬೃಹತ್ ಬ್ಯಾಟರಿ ಯೋಜನೆ ರೂಪುಗೊಂಡಿದೆ. ಎಲ್ಲಿ ಗೊತ್ತೇ? ಅದೇ ಮೈಲಾಟಿಯಲ್ಲಿ! ಒಂದೇ ಊರು, ಎರಡು ದಶಕ, ಎಣ್ಣೆಯಿಂದ ಬ್ಯಾಟರಿಗೆ. ದಕ್ಷಿಣದ ಪಿಲಿಕೋಡು ಪಂಚಾಯತು ಹಳೆಯ ಫಿಲಮೆಂಟ್ ಬಲ್ಬುಗಳನ್ನು ಪೂರ್ತಿ ಕೈಬಿಟ್ಟದ್ದನ್ನು 2020ರ ರಾಜ್ಯ ಬಜೆಟ್ ಭಾಷಣದಲ್ಲೇ ಹೆಸರಿಸಿದರು. ಅಂದಮೇಲೆ ಡಿಜಿಟಲ್ ವ್ಯವಸ್ಥೆ ಕಾರ್ಬನ್ ಹೆಚ್ಚಿಸುತ್ತದೋ ಇಳಿಸುತ್ತದೋ ಎಂಬುದು ಪರದೆಯನ್ನು ಮಾತ್ರ ಹೊಂದಿಕೊಂಡಿಲ್ಲ. ಪರದೆಯ ಹಿಂದಿನ ತಂತಿಯಲ್ಲಿ ಏನು ಹರಿಯುತ್ತದೆ ಎಂಬುದನ್ನು ಹೊಂದಿಕೊಂಡಿದೆ.

ಪರದೆಯ ಮೇಲಿನ ಭಾಷೆ

ಕೊನೆಗೆ ನಮ್ಮದೇ ಮಾತು. ಪಾಠ ಮುಗಿದ ಮರುದಿನ ಅದೇ ಹುಡುಗ ತನ್ನ ಅಜ್ಜನ ಲೆಕ್ಕ ಬರೆದುಕೊಂಡು ಬಂದ. ಪಿಂಚಣಿಗೆ ವರ್ಷಕ್ಕೊಮ್ಮೆ ಮಸ್ಟರಿಂಗ್ ಮಾಡಿಸಬೇಕು. ಅಜ್ಜನಿಗೆ ಕನ್ನಡ ಮಾತ್ರ ಓದಲು ಬರುತ್ತದೆ. ಮೊಬೈಲಿಗೆ ಬಂದ ಸಂದೇಶ ಮಲಯಾಳದಲ್ಲಿ. ಯಾವ ಕಾಗದ ತರಬೇಕೆಂದು ತಿಳಿಯದೆ ಒಮ್ಮೆ ಹೋಗಿ ಹಿಂದೆ ಬಂದರು. ಎರಡನೇ ಸಲ ಬೆರಳಚ್ಚು ಹೊಂದಲಿಲ್ಲ. ಐವತ್ತು ವರ್ಷ ಅಡಿಕೆ ಸುಲಿದ ಬೆರಳು, ಗೆರೆ ಎಲ್ಲಿ ಉಳಿಯುತ್ತದೆ? ಮೂರನೇ ಸಲ ಆಯಿತು. ಆಟೋರಿಕ್ಷಾದಲ್ಲಿ 7 ಕಿಲೋಮೀಟರು ಹೋಗಿ, 7 ಬಂದು, ಮೂರು ಸಲಕ್ಕೆ 42. ಲೀಟರಿಗೆ 28ರಂತೆ ಒಂದೂವರೆ ಲೀಟರ್ ಡೀಸೆಲ್, 4 ಕಿಲೋ ಕಾರ್ಬನ್ ಎಂದು ಬರೆದಿದ್ದ. ಕೆಳಗೆ ಇನ್ನೊಂದು ಸಾಲು: "ಒಂದೇ ಸಲದಲ್ಲಿ ಆಗಬಹುದಿತ್ತು."

ಆ ಸಾಲಿಗೆ ನಾನು ಕೆಂಪು ಶಾಯಿಯಲ್ಲಿ ಸರಿ ಹಾಕಿದೆ.

1969ರ ಕೇರಳ ಅಧಿಕೃತ ಭಾಷಾ ಕಾನೂನಿನಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದೊಡನೆ ವ್ಯವಹರಿಸುವ ಅವಕಾಶ ಇದೆ. ಅದು ಕಾಗದದ ಕಾಲದ ಹಕ್ಕು. ಅರ್ಜಿಯ ಪರದೆ, ಎಸ್.ಎಂ.ಎಸ್., ಒ.ಟಿ.ಪಿ.ಯ ಜೊತೆಗಿನ ವಿವರಣೆ ಇವುಗಳಲ್ಲೂ ಅದು ಇಳಿದು ಬರಬೇಕು. ಈವರೆಗೆ ನಾವು ಇದನ್ನು ಭಾಷಾ ಹಕ್ಕೆಂದು ಮಾತ್ರ ಕೇಳಿದ್ದೇವೆ. ಇನ್ನು ಇಂಧನದ ಲೆಕ್ಕ ಹಿಡಿದೂ ಕೇಳಬಹುದು. ಓದಲು ಬರುವ ಭಾಷೆಯಲ್ಲಿ ಸಂದೇಶ ಬಂದರೆ ಒಂದು ಪ್ರಯಾಣ ಉಳಿಯುತ್ತದೆ.

ಯಾವ ಆ್ಯಪಿನಿಂದಲೂ ಉಳಿಯದ ಪ್ರಯಾಣಗಳೂ ಇವೆ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದಾಗ ಮಂಗಳೂರಿನ ಆಸ್ಪತ್ರೆಗೆ ತಲುಪಲಾಗದೆ ನಮ್ಮವರು ಪ್ರಾಣ ಬಿಟ್ಟದ್ದನ್ನು ಯಾರೂ ಮರೆತಿಲ್ಲ. ಎಲ್ಲರ ಕೈಯಲ್ಲೂ ಮೊಬೈಲಿತ್ತು. ಡಯಾಲಿಸಿಸ್ ಮೊಬೈಲಿನಲ್ಲಿ ಆಗುವುದಿಲ್ಲ. ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ 2013ರಲ್ಲೇ ಶಿಲಾನ್ಯಾಸವಾಗಿತ್ತು. ಹತ್ತಿರದಲ್ಲೇ ಪೂರ್ಣ ಪ್ರಮಾಣದ ಆಸ್ಪತ್ರೆ ಇದ್ದರೆ ಉಳಿಯುವ ಜೀವವೆಷ್ಟು, ಅದರ ಜೊತೆಗೆ ಆಂಬುಲೆನ್ಸಿನ ಡೀಸೆಲ್ ಎಷ್ಟು!

ಸಹೋದ್ಯೋಗಿ ಮಿತ್ರರಲ್ಲಿ ಒಂದು ವಿನಂತಿ. ಮುಂದಿನ ತಿಂಗಳು ನಿಮ್ಮ ತರಗತಿಯ ಮಕ್ಕಳಿಂದ ಒಂದು 'ಪ್ರಯಾಣ ಪುಸ್ತಕ' ಬರೆಸಿ. ಮನೆಯವರು ಹೋದ ಕೆಲಸ, ಹೋದ ದೂರ, ಹೋಗದೆ ಆಗಬಹುದಿತ್ತೇ ಎಂಬ ಮೂರು ಕಲಂ ಸಾಕು. ಮೂರನೆಯ ಕಲಂನಲ್ಲಿ 'ಹೌದು' ಎಂದಿದ್ದರೆ ಯಾಕೆ ಆಗಲಿಲ್ಲ ಎಂದೂ ಬರೆಯಲಿ. ನೆಟ್‌ವರ್ಕ್ ಇರಲಿಲ್ಲವೇ, ಭಾಷೆ ತಿಳಿಯಲಿಲ್ಲವೇ, ಬಸ್ಸಿರಲಿಲ್ಲವೇ? ಆ ಪುಸ್ತಕ ಹಿಡಿದು ಪಂಚಾಯತಿಗೆ ಹೋಗೋಣ. ಆ ಒಂದು ಪ್ರಯಾಣಕ್ಕೆ ಖರ್ಚಾಗುವ ಪೆಟ್ರೋಲು ದಂಡವಲ್ಲ.